ಜೀಪಿನ ಹಿಂದೆ ಬಿದ್ದ ಚಿಮಿಣಿ

ಸುಳ್ಯ ಪೇಟೆಯಲ್ಲಿ ಫೋಟೋ ತೆಗೆಯುತ್ತಿದ್ದ ಬೆಳ್ಯಪ್ಪನಿಗೆ ಹೇಸಿಗೆ ಜಾಸ್ತಿ ಎನ್ನುವುದು ಊರಿಗೆಲ್ಲ ಗೊತ್ತಿತ್ತು. ಹೋಟೆಲಿಗೆ ಹೋದರೆ ಚಾ ಬರುವ ಮೊದಲೇ ಎದ್ದು ಒಳಗೆ ಹೋಗಿ, ತನ್ನ ಗ್ಲಾಸನ್ನು ತಾನೇ ಬಿಸಿನೀರಿನಲ್ಲಿ ಅದ್ದಿ ತರುತ್ತಿದ್ದ. ಮದುವೆ ಮನೆಯಲ್ಲಿ ಪಕ್ಕದ ಎಲೆಯವನು ಪಾಯಸವನ್ನು ಸುರ್ರೆಂದು ಹೀರಿದನೆಂದರೆ ಇವನ ಊಟ ಅಲ್ಲಿಗೆ ಮುಗಿಯಿತು. ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ಕಿಟಕಿಯ ಹೊರಗೆ ತಲೆ ಹಾಕುತ್ತಿದ್ದ. ಅವನ ತಾಯಿ ಪೂವಮ್ಮ, "ಇವ ಹುಟ್ಟಿದ ದಿನ ಸೂಲಗಿತ್ತಿಯ ಕೈ ನೋಡಿಯೇ ಮೂಗು ಮುರಿದವ" ಎಂದು ನೆಂಟರಿಗೆಲ್ಲ ಹೇಳಿ ನಗಿಸುತ್ತಿದ್ದಳು.

ಐವರ್ನಾಡಿನ ಒಕ್ಕಲು ಮನೆತನದಲ್ಲಿ ಹುಟ್ಟಿದವನಿಗೆ ಇಂಥ ಮೂಗು ಇದ್ದರೆ ಬದುಕುವುದು ಹೇಗೆ? ಅಣ್ಣಂದಿರು ಹಟ್ಟಿಗೊಬ್ಬರ ಹೊತ್ತು ತೋಟಕ್ಕೆ ಹಾಕುವಾಗ ಇವನು ಗುಡ್ಡೆ ಹತ್ತಿ ಕೂರುತ್ತಿದ್ದ. ನೀರಿನಲ್ಲಿ ಕೊಳೆಹಾಕಿದ ಅಡಿಕೆಯ ಹಂಡೆಯ ಮುಚ್ಚಳ ತೆಗೆದರೆ ಅಂಗಳದಾಚೆಗೆ ಓಡಿ ವಾಂತಿ ಮಾಡುತ್ತಿದ್ದ. ಕೊನೆಗೆ ಅಪ್ಪ, "ಇವ ಮಣ್ಣಿಗೆ ಆಗುವವನಲ್ಲ" ಎಂದು ಪುತ್ತೂರಿಗೆ ಕಳುಹಿಸಿದರು. ಅಲ್ಲಿ ಯಜ್ಞೇಶ್ವರ ಎಂಬವರದ್ದೊಂದು ಸ್ಟುಡಿಯೋ ಇತ್ತು. ಒಳಕೋಣೆಯ ಕತ್ತಲಲ್ಲಿ ಔಷಧಿಯ ತಟ್ಟೆಗಳು, ಹರಿಯುವ ನೀರು, ಮೂಗಿಗೆ ಚುರ್ರೆನ್ನುವ ಹುಳಿ ವಾಸನೆ. ದಿನವಿಡೀ ಕೈ ನೀರಿನಲ್ಲೇ ಇರಬೇಕಾದ ಕೆಲಸ. ಬೆಳ್ಯಪ್ಪನಿಗೆ ಸ್ವರ್ಗ ಸಿಕ್ಕಿದ ಹಾಗಾಯಿತು. ಕೆಲವು ವರ್ಷ ಅಲ್ಲೇ ಕಲಿತು, ಐವತ್ತೇಳನೇ ಇಸವಿಯಲ್ಲಿ ಸುಳ್ಯದಲ್ಲಿ ಸ್ವಂತ ಸ್ಟುಡಿಯೋ ಹಾಕಿದ. ಮಾಡಿನ ಒಂದು ಬದಿಗೆ ಗಾಜಿನ ಹಂಚು ಹೊದಿಸಿ ಬೆಳಕು ಬರುವ ಹಾಗೆ ಮಾಡಿದ. ಗೋಡೆಗೆ ಕಾರಂಜಿ ಮತ್ತು ನವಿಲು ಬರೆದ ಪರದೆ ಕಟ್ಟಿದ. ಅದೇ ವರ್ಷ ಆಲೆಟ್ಟಿಯ ಕುಮುದಿನಿಯನ್ನು ಮದುವೆಯೂ ಆದ.

ಗಿರಾಕಿಗಳನ್ನು ಕಂಡರೂ ಅವನಿಗೆ ಅಷ್ಟಕ್ಕಷ್ಟೆ. ಎಣ್ಣೆ ಸುರಿಯುವ ತಲೆಯನ್ನು ಕುರ್ಚಿಯ ಬೆನ್ನಿಗೆ ಒರಗಿಸುವವರು, ಫೋಟೋಕ್ಕೆ ಕೂರುವ ಮೊದಲು ಎಲೆಯಡಿಕೆಯನ್ನು ಬಾಗಿಲ ಮೂಲೆಗೆ ಉಗಿಯುವವರು, ಹೆಣದ ಫೋಟೋ ತೆಗೆಯಬೇಕೆಂದು ಕರೆದುಕೊಂಡು ಹೋಗಿ ನೊಣ ಓಡಿಸುತ್ತ ನಿಲ್ಲುವವರು. ಆದರೂ ಕೆಲಸ ಚೊಕ್ಕ. "ಬೆಳ್ಯಪ್ಪ ಮುಖ ಸಿಂಡರಿಸ್ತಾನೆ, ಆದ್ರೆ ನಮ್ಮ ಮುಖ ಚೆಂದ ತೆಗೀತಾನೆ" ಎಂದು ಜನ ಬರುತ್ತಿದ್ದರು.

ಜಾಲ್ಸೂರಿನಿಂದ ಸ್ವಲ್ಪ ಈಚೆ, ಪಯಸ್ವಿನಿ ಹೊಳೆಯ ಬದಿಯಲ್ಲಿ ಆಗ ಒಂದು ಹಂಚಿನ ಕಾರ್ಖಾನೆ ಇತ್ತು. ಹೊಳೆಯಂಚಿನ ಜೇಡಿಮಣ್ಣು ತಂದು, ಅಚ್ಚು ಒತ್ತಿ, ಗೂಡಿನಲ್ಲಿ ಸುಟ್ಟು ಹಂಚು ಮಾಡುತ್ತಿದ್ದರು. ಗೂಡಿನ ಹೊಗೆ ಹೋಗಲಿಕ್ಕೆ ಇಟ್ಟಿಗೆಯ ಒಂದು ಎತ್ತರದ ಕೊಳವೆ. ಜನ ಅದನ್ನು ಚಿಮಿಣಿ ಎಂದೇ ಕರೆಯುತ್ತಿದ್ದರು. ತೆಂಗಿನ ಮರಗಳೆಲ್ಲ ಅದರ ಸೊಂಟದವರೆಗೂ ಬರುತ್ತಿರಲಿಲ್ಲ. ಕಾರ್ಖಾನೆ ನಷ್ಟಕ್ಕೆ ಬಿದ್ದು ಮುಚ್ಚಿದ ಮೇಲೆ ಯಂತ್ರಗಳು ಹೋದವು, ಮಾಡು ಹೋಯಿತು. ಚಿಮಿಣಿ ಒಂದು ಉಳಿಯಿತು. ಅದರ ಒಳಗೆಲ್ಲ ಬಾವಲಿ ಸೇರಿ, ಮಳೆಗಾಲದಲ್ಲಿ ರಸ್ತೆಯವರೆಗೂ ನಾರುತ್ತಿತ್ತು. ಅರುವತ್ತನಾಲ್ಕರ ಬೇಸಿಗೆಯಲ್ಲಿ ಜಾಗವನ್ನು ಕೊಂಡವರು ಚಿಮಿಣಿಯನ್ನು ಕೆಡವಲು ಒಬ್ಬ ಕಂತ್ರಾಟುದಾರನಿಗೆ ಕೊಟ್ಟರು. ಅವನು ಹಿಡಿದ ಆಳುಗಳಲ್ಲಿ ಡೊಂಬಯ್ಯನೂ ಒಬ್ಬ. ಕಾರ್ಖಾನೆ ನಡೆಯುತ್ತಿದ್ದಾಗ ಅದೇ ಗೂಡಿಗೆ ವರ್ಷಗಟ್ಟಲೆ ಸೌದೆ ಒಟ್ಟಿದವನು ಅವನು. ಈಗ ಅದರ ಬುಡ ಕಡಿಯಲು ಕೂಲಿಗೆ ಬಂದಿದ್ದ. ಬುಡದ ಒಂದು ಬದಿಯ ಇಟ್ಟಿಗೆ ಬಿಡಿಸುತ್ತ, ಬಿಡಿಸಿದಲ್ಲಿ ಚಿಮಿಣಿ ಬೀಳದ ಹಾಗೆ ಮರದ ಊರೆ ಕೊಡುತ್ತ ಹೋಗುವುದು, ಎಲ್ಲ ಆದ ಮೇಲೆ ಒಂದು ಸೋಮವಾರ ಊರೆಗಳಿಗೆ ಬೆಂಕಿ ಕೊಟ್ಟು ಹೊಳೆಯ ಕಡೆಗೆ ಬೀಳಿಸುವುದು ಎಂದು ಗೊತ್ತಾಗಿತ್ತು.

ಬೆಳ್ಯಪ್ಪನಿಗೂ ಇದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆ ಸೋಮವಾರಕ್ಕಿಂತ ಮೊದಲೇ ಒಂದು ದಿನ ಅವನು ಜಾಲ್ಸೂರಿಗೆ ಹೋದದ್ದು ಬೋಜಪ್ಪ ಗೌಡರ ಜೀಪಿನ ಫೋಟೋ ತೆಗೆಯಲಿಕ್ಕೆ.

ಬೋಜಪ್ಪ ಗೌಡರು ಕುಳವಾರರು, ಸ್ವಂತ ಜಮೀನಿಗೆ ತೀರ್ವೆ ಕಟ್ಟುವವರು, ಪಂಚಾಯತಿಯಲ್ಲಿ ಮಾತು ನಡೆಯುವವರು. ಮಡಿಕೇರಿ ಕಡೆಯ ತೋಟದವರಿಂದ ಒಂದು ಜೀಪು ತೆಗೆದುಕೊಂಡಿದ್ದರು. ಹಳೆಯದೇ, ಆದರೆ ಹೊಸ ಬಣ್ಣ, ಹೊಸ ಸೀಟು. ಹಿಂದಿನ ದಿನ ಪೂಜೆಯೂ ಆಗಿತ್ತು. ಜೀಪಿನ ಮುಂದೆ ನಿಂತು ಒಂದು ಫೋಟೋ ಬೇಕು, ರಸ್ತೆಯ ಬದಿಯಲ್ಲೇ ತೆಗೆಯಬೇಕು, ಹೋಗುವ ಬರುವವರು ನೋಡಬೇಕು ಎಂದು ಅವರ ಆಸೆ.

ಬೆಳ್ಯಪ್ಪ ಕ್ಯಾಮರಾದ ಪೆಟ್ಟಿಗೆ, ಮೂರು ಕಾಲಿನ ಸ್ಟ್ಯಾಂಡು ಹಿಡಿದು ಸುಳ್ಯದಿಂದ ಬಸ್ಸು ಹತ್ತಿದ. ಪಕ್ಕದಲ್ಲಿ ಒಣಮೀನಿನ ಬುಟ್ಟಿ ಇಟ್ಟುಕೊಂಡ ಬ್ಯಾರಿ ಹೆಂಗಸೊಬ್ಬಳು ಕೂತಿದ್ದಳು. ಪಾತು ಎಂದು ಅವಳ ಹೆಸರು. ಮೊದಲು ಅದೇ ಕಾರ್ಖಾನೆಯಲ್ಲಿ ಹಂಚು ಹೊರುತ್ತಿದ್ದವಳು, ಮುಚ್ಚಿದ ಮೇಲೆ ಮೀನು ಮಾರಲು ಹಿಡಿದಿದ್ದಳು. ಬೆಳ್ಯಪ್ಪ ಮೂಗಿಗೆ ಕರವಸ್ತ್ರ ಒತ್ತಿ ಎದ್ದು ಹಿಂದಿನ ಸೀಟಿಗೆ ಹೋದ. ಅವಳು ತಿರುಗಿ ನೋಡಿ ನಕ್ಕಳು. "ಫೋಟೋದವ್ರೇ, ಈ ವಾಸನೆಯಲ್ಲೇ ನಮ್ಮ ಮಕ್ಕಳು ದೊಡ್ಡ ಆದದ್ದು" ಎಂದಳು. ಅವನು ಕೇಳದವನ ಹಾಗೆ ಹೊರಗೆ ನೋಡಿದ.

ಜೀಪನ್ನು ಗೌಡರು ರಸ್ತೆಯ ಬದಿಯ ದಿಬ್ಬದಲ್ಲಿ ನಿಲ್ಲಿಸಿದ್ದರು. ಹಿಂದೆ ಕಾರ್ಖಾನೆಯ ಬಯಲು. ಬೆಳ್ಯಪ್ಪ ಕ್ಯಾಮರಾ ನಿಲ್ಲಿಸಿ ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ನೋಡಿದ. ಮಸುಕು ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿ, ಗೌಡರ ತಲೆಯಿಂದಲೇ ಚಿಮಿಣಿ ಹುಟ್ಟಿ ಕೆಳಗೆ ಇಳಿದ ಹಾಗೆ ಕಾಣುತ್ತಿತ್ತು.

"ಗೌಡ್ರೇ, ಜೀಪು ಸ್ವಲ್ಪ ಮುಂದೆ ತೆಗೀಬೇಕು. ಹಿಂದೆ ಆ ಹಾಳು ಚಿಮಿಣಿ ಬರ್ತದೆ."

"ಬರ್ಲಿ ಮಾರಾಯ. ಅದು ಇನ್ನು ನಾಲ್ಕು ದಿನ ಇರುದು. ನೀನೇ ಆಚೆ ಈಚೆ ಹೋಗು, ಜೀಪು ಯಾಕೆ ಹೋಗುದು?"

ಬೆಳ್ಯಪ್ಪ ಗೊಣಗುತ್ತ ಸ್ಟ್ಯಾಂಡನ್ನೇ ಜರುಗಿಸಿದ. ಈಗ ಚಿಮಿಣಿ ಗೌಡರಿಗೂ ಜೀಪಿನ ಮೂತಿಗೂ ನಡುವೆ ಬಂತು. ಗಾಜಿನ ಪ್ಲೇಟು ಹಾಕಿ, ಅದರ ಮರೆ ಎಳೆದು, ಹೊರಗೆ ಬಂದು, ಒತ್ತಿದರೆ ಫೋಟೋ ಬೀಳುವ ರಬ್ಬರಿನ ಉಂಡೆಯನ್ನು ಕೈಯಲ್ಲಿ ಹಿಡಿದ. ಗೌಡರು ಒಂದು ಕಾಲನ್ನು ಜೀಪಿನ ಮೆಟ್ಟಿಲ ಮೇಲೆ ಇಟ್ಟು, ಸೊಂಟಕ್ಕೆ ಕೈ ಕೊಟ್ಟು, ಮೀಸೆಯಡಿಯಲ್ಲಿ ನಕ್ಕರು.

ಆ ಹೊತ್ತಿಗೆ ಅವರ ಹೆಗಲಿನಾಚೆ ಚಿಮಿಣಿ ವಾಲಿತು.

ಸದ್ದೇ ಇರಲಿಲ್ಲ. ಮೊದಲು ಬುಡದಲ್ಲಿ ಧೂಳು ಹಾರಿತು, ಆಮೇಲೆ ಇಡೀ ಕೊಳವೆ ನಿದ್ದೆ ತೂಗುವವನ ಹಾಗೆ ಹೊಳೆಯ ಕಡೆ ಬಾಗಿತು, ನಡುವಿನಲ್ಲಿ ಬಿರಿಯಿತು. ಬೆಳ್ಯಪ್ಪನ ಕೈ ಬೆಚ್ಚಿ ಬಿಗಿಯಾಯಿತು. ಉಂಡೆ ಒತ್ತಿಹೋಯಿತು. ಫೋಟೋ ತೆಗೆಯಬೇಕೆಂದು ತೆಗೆದದ್ದಲ್ಲ. ಕೈ ಹೆದರಿದ್ದು, ಅಷ್ಟೆ. ಗೌಡರು ಇನ್ನೂ ನಗುತ್ತಲೇ ಇದ್ದರು. ಆಮೇಲೆ ಸದ್ದು ಬಂತು. ನೆಲ ಅದುರಿತು. ಬೋಜಪ್ಪ ಗೌಡರು "ಅಯ್ಯೋ ದೇವರೇ" ಎಂದವರು ತಿರುಗಿ ಕೂಡ ನೋಡದೆ ಜೀಪಿನ ಅಡಿಗೆ ನುಗ್ಗಿದರು.

ಧೂಳು ಮತ್ತು ಮಸಿ ಒಂದು ಗೋಡೆಯ ಹಾಗೆ ಎದ್ದು ಬಂತು. ಬಾವಲಿಗಳು ಹಗಲಲ್ಲಿ ಕಣ್ಣು ಕಾಣದೆ ರಸ್ತೆಯ ಮೇಲೆಲ್ಲ ಬಡಿದಾಡಿದವು. ಬೆಳ್ಯಪ್ಪನ ಬಿಳಿ ಅಂಗಿ, ಬಾಯಿ, ಕಿವಿ ಎಲ್ಲ ಮಸಿ. ಮೂಗು ಮುಚ್ಚಿ ನಿಂತವನಿಗೆ ಬಯಲಿನಿಂದ ಹೆಂಗಸಿನ ದನಿ ಕೇಳಿಸಿತು. ಅದೇ ಬಸ್ಸಿನಿಂದ ಇಳಿದು ಆಳುಗಳಿಗೆ ಮೀನು ಮಾರಲು ಹೋಗಿದ್ದ ಪಾತು ಅಲ್ಲಿಂದ ಕೂಗುತ್ತಿದ್ದಳು. "ಡೊಂಬಯ್ಯ ಅಡಿಯಲ್ಲಿ ಉಂಟು! ಯಾರಾದ್ರೂ ಬನ್ನಿ! ಡೊಂಬಯ್ಯ ಉಂಟು!"

ಅವನು ಓಡಿದ. ಊರಿಗೆ ಊರೇ ಓಡಿ ಬರುತ್ತಿತ್ತು. ಚಿಮಿಣಿ ಬೀಳಬೇಕಾದ ಕಡೆಗೇ ಬಿದ್ದಿತ್ತು, ಆದರೆ ಬುಡದ ಒಂದು ಪಾಲು ಹಿಂದಕ್ಕೆ ಕುಸಿದು, ಊರೆ ಬಿಗಿ ಮಾಡುತ್ತಿದ್ದ ಡೊಂಬಯ್ಯನನ್ನು ಸೊಂಟದವರೆಗೆ ಹೂತಿತ್ತು. ಉಳಿದ ಆಳುಗಳು ಗಂಜಿ ಕುಡಿಯಲು ಹೋಗಿದ್ದರು. ಕಂತ್ರಾಟುದಾರನ ಸುಳಿವಿರಲಿಲ್ಲ. ಪಾತು ಮಂಡಿಯೂರಿ ಕೈಯಿಂದಲೇ ಇಟ್ಟಿಗೆ ಎತ್ತಿ ಎಸೆಯುತ್ತಿದ್ದಳು. ಬೆಳ್ಯಪ್ಪ ಅವಳ ಪಕ್ಕದಲ್ಲಿ ಕೂತು ತಾನೂ ಎತ್ತತೊಡಗಿದ.

ಆಗ ಕಂಡದ್ದು ಅವನ ಕಣ್ಣಿನಿಂದ ಆಮೇಲೆ ಹೋಗಲೇ ಇಲ್ಲ. ಬಂದ ಜನ ಇಟ್ಟಿಗೆ ಹೆಕ್ಕುತ್ತಿದ್ದರು. ಗೂಡಿನ ಇಟ್ಟಿಗೆ ಒಳ್ಳೆಯ ಇಟ್ಟಿಗೆ, ಎಷ್ಟು ಬೆಂಕಿಗೂ ಬಿರಿಯದ್ದು, ಒಲೆ ಕಟ್ಟಲಿಕ್ಕೆ, ಬಚ್ಚಲಿಗೆ ಹಾಸಲಿಕ್ಕೆ ಬಹಳ ಲಾಯಕ್ಕು. ಮಡಿ ಪಂಚೆಯವರು ಪಂಚೆ ಎತ್ತಿಕಟ್ಟಿ ಹೆಕ್ಕಿದರು. ಶಾಲೆಯ ಮಾಸ್ತರರು ಕೊಡೆಯನ್ನು ಬಗಲಿಗೆ ಸಿಕ್ಕಿಸಿ ಹೆಕ್ಕಿದರು. ಸಹಾಯಕ್ಕೆ ಬಂದ ಇಬ್ಬರು ಡೊಂಬಯ್ಯನ ಮೇಲಿನ ಇಟ್ಟಿಗೆಯನ್ನೇ ತೆಗೆದರು, ಆದರೆ ತೆಗೆದದ್ದನ್ನು ಬದಿಗೆ ಇಡದೆ ಹೆಗಲಿಗೆ ಏರಿಸಿಕೊಂಡು ನಡೆದರು. ಒಬ್ಬಳು, "ಪಾಪ, ಬದುಕ್ತಾನೋ ಇಲ್ವೋ" ಎನ್ನುತ್ತಲೇ ಬುಟ್ಟಿ ತುಂಬಿಸಿದಳು. ಡೊಂಬಯ್ಯ ನೀರು ನೀರು ಎಂದು ನರಳುತ್ತಿದ್ದ.

ಅವನನ್ನು ಎಳೆದು ಹೊರಗೆ ತೆಗೆದಾಗ ಎಡಗಾಲು ಮೊಣಕಾಲಿನ ಕೆಳಗೆ ಜಜ್ಜಿ ಹೋಗಿತ್ತು. ಪಾತು ಬುಟ್ಟಿಗೆ ಹೊದಿಸಿದ್ದ ಬಟ್ಟೆಯನ್ನು ಹರಿದು ತೊಡೆಗೆ ಬಿಗಿಯಾಗಿ ಕಟ್ಟಿದಳು. ಬೆಳ್ಯಪ್ಪ ಬೆನ್ನು ಕೊಟ್ಟು ಡೊಂಬಯ್ಯನನ್ನು ಹೊತ್ತ. ಮಸಿ, ರಕ್ತ, ಬಾವಲಿಯ ಹಿಕ್ಕೆ, ಹೆದರಿಕೆಯಲ್ಲಿ ಆದ ಮೂತ್ರ, ಎಲ್ಲವೂ ಅವನ ಕುತ್ತಿಗೆಯಿಂದ ಸೊಂಟಕ್ಕೆ ಇಳಿಯಿತು. ಹಾಗೇ ದಿಬ್ಬ ಹತ್ತಿ ಜೀಪಿನ ಹತ್ತಿರ ಬಂದ. ಬೋಜಪ್ಪ ಗೌಡರು ಜೀಪಿನ ಅಡಿಯಿಂದ ಹೊರಗೆ ಬಂದು ಹೆಗಲ ಮೇಲಿನ ಬೈರಾಸಿನಿಂದ ಬಾನೆಟ್ಟಿನ ಧೂಳು ಒರೆಸುತ್ತಿದ್ದರು.

"ಗೌಡ್ರೇ, ಬೇಗ ಸ್ಟಾರ್ಟ್ ಮಾಡಿ. ಪುತ್ತೂರು ಆಸ್ಪತ್ರೆಗೆ ಹೋಗ್ಬೇಕು."

ಗೌಡರು ಡೊಂಬಯ್ಯನ ಕಾಲನ್ನು ನೋಡಿದರು. ಆಮೇಲೆ ಸೀಟನ್ನು ನೋಡಿದರು.

"ನಿನ್ನೆ ಪೂಜೆ ಆದ ಗಾಡಿ ಮಾರಾಯ. ಮೊದಲನೇ ದಿನವೇ ರಕ್ತ ಆಗುದು ಒಳ್ಳೇದಾ ನೀನೇ ಹೇಳು."

"ಮನುಷ್ಯ ಸಾಯ್ತಾನೆ ಗೌಡ್ರೇ!"

"ಅದಕ್ಕೇ ಹೇಳುದು. ಗಾಡಿಯಲ್ಲೇ ಸತ್ರೆ? ಆಮೇಲೆ ಯಾರು ಕೂರುದು ಅದರಲ್ಲಿ? ನೀನು ಇಲ್ಲೇ ಇರು, ನಾನು ಸುಳ್ಯಕ್ಕೆ ಹೋಗಿ ಯಾರನ್ನಾದ್ರೂ ಕಳಿಸ್ತೇನೆ."

ಜೀಪು ಹೋಯಿತು. ಯಾರೂ ಬರಲಿಲ್ಲ.

ಬಂದದ್ದು ಪುತ್ತೂರಿಗೆ ಹೋಗುವ ಬಸ್ಸು. ಕಂಡಕ್ಟರು ಬಾಗಿಲಲ್ಲೇ ಕೈ ಅಡ್ಡ ಹಿಡಿದ. "ದಾರಿಯಲ್ಲಿ ಹೆಣ ಆದ್ರೆ ಯಾರು ಜವಾಬ್ದಾರಿ? ಆಗುದಿಲ್ಲ." ಪಾತು ಬಸ್ಸಿನ ಮುಂದೆ ರಸ್ತೆಯ ನಡುವೆ ಬುಟ್ಟಿ ಇಟ್ಟು, ಅದರ ಪಕ್ಕ ಕಾಲು ಚಾಚಿ ಕೂತಳು. "ಹತ್ತಿಸ್ಕೊಳ್ಳಿ, ಇಲ್ಲದಿದ್ರೆ ನನ್ನ ಮೇಲೆಯೇ ಹೋಗಿ." ಡ್ರೈವರು ಹಾರ್ನು ಬಾರಿಸಿ ಬಾರಿಸಿ ಸಾಕಾಗಿ, "ಹತ್ತಿಸು ಮಾರಾಯ, ಹೊತ್ತಾಗ್ತದೆ" ಎಂದ.

ಪುತ್ತೂರಿನವರೆಗೆ ಬೆಳ್ಯಪ್ಪ ಬಸ್ಸಿನ ನೆಲದಲ್ಲಿ ಡೊಂಬಯ್ಯನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಸೀಟಿನಲ್ಲಿದ್ದವರು ಒಬ್ಬೊಬ್ಬರೇ ಎದ್ದು ಹಿಂದೆ ಹೋದರು. ಸೆರಗು, ಕರವಸ್ತ್ರ, ಬೈರಾಸು, ಕೈಗೆ ಸಿಕ್ಕಿದ್ದನ್ನು ಮೂಗಿಗೆ ಒತ್ತಿಕೊಂಡರು. ಆ ಮುಖಗಳನ್ನು ಬೆಳ್ಯಪ್ಪ ಕೆಳಗಿನಿಂದ ನೋಡುತ್ತಿದ್ದ. ಬೆಳಿಗ್ಗೆ ಇದೇ ಮುಖ ಹೊತ್ತು ತಾನು ಬಸ್ಸು ಹತ್ತಿದ್ದು ಅವನಿಗೆ ನೆನಪಾಯಿತು. ಮಸಿಯ ವಾಸನೆಗೆ, ರಕ್ತಕ್ಕೆ ಬಾರದ ವಾಂತಿ ಆಗ ಬರುವ ಹಾಗಾಯಿತು. ಪಾತು ತನ್ನ ತಂಬಿಗೆಯಿಂದ ಡೊಂಬಯ್ಯನ ಬಾಯಿಗೆ ನೀರು ಹನಿಸಿ, ಉಳಿದದ್ದನ್ನು ಇವನಿಗೆ ಕೊಟ್ಟಳು. ಇವನು ಕುಡಿದ. ಕುಡಿದದ್ದು ಗೊತ್ತೇ ಆಗಲಿಲ್ಲ.

ಡೊಂಬಯ್ಯ ಬದುಕಿದ. ಕಾಲು ಹೋಯಿತು.

ದಿಬ್ಬದಲ್ಲೇ ಬಿಟ್ಟು ಹೋಗಿದ್ದ ಕ್ಯಾಮರಾವನ್ನು ಮರುದಿನ ತಂದು ಜೀಪಿನ ಫೋಟೋ ತೊಳೆದಾಗ ಬೆಳ್ಯಪ್ಪನೇ ಬೆರಗಾದ. ಗೌಡರು ಕಲ್ಲಿನ ಹಾಗೆ ಸ್ಥಿರವಾಗಿ, ನಗುತ್ತ ನಿಂತಿದ್ದಾರೆ. ಅವರ ಹಿಂದೆ ಆಕಾಶ ತುಂಬ ಚಿಮಿಣಿ ಮುರಿದು ಬೀಳುತ್ತಿದೆ. ಜೀವಮಾನದಲ್ಲಿ ಒಮ್ಮೆ ಸಿಗುವ ಫೋಟೋ. ಅದನ್ನು ನೋಡಿದಷ್ಟೂ ಅವನಿಗೆ ಮೈ ಉರಿಯುತ್ತಿತ್ತು. ಆದರೂ ಒಪ್ಪಿಕೊಂಡ ಕೆಲಸ, ಪ್ರತಿ ಮಾಡಿ ಕಳುಹಿಸಿಕೊಟ್ಟ. ಗೌಡರು ಮರುವಾರವೇ ಸ್ಟುಡಿಯೋಕ್ಕೆ ಬಂದರು. "ಎಂಥ ಫೋಟೋ ಮಾರಾಯ! ಇದನ್ನು ದೊಡ್ಡದು ಮಾಡು. ಬಾಗಿಲಿನಷ್ಟು ದೊಡ್ಡದು" ಎಂದರು. ಅದನ್ನೂ ಮಾಡಿ ಕೊಟ್ಟ. ಡೊಂಬಯ್ಯನ ವಿಚಾರ ಅವರೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಮಂಗಳೂರಿನ ಒಂದು ಪತ್ರಿಕೆಯಲ್ಲಿಯೂ ಆ ಚಿತ್ರ ಬಂತು. ಪೇಟೆಯಲ್ಲಿ ಸಿಕ್ಕಿದವರೆಲ್ಲ ಬೆಳ್ಯಪ್ಪನ ಬೆನ್ನು ತಟ್ಟಿದರು. ತಟ್ಟಿದ ಕೈಗಳಲ್ಲಿ ಇಟ್ಟಿಗೆ ಹೊತ್ತ ಕೈಗಳೂ ಇದ್ದವು.

ಆ ವರ್ಷದ ಕೊನೆಗೆ ಬೋಜಪ್ಪ ಗೌಡರು ಮನೆಗೆ ಹೊಸ ಚಾವಡಿ ಕಟ್ಟಿಸಿ ಮನೆಯೊಕ್ಕಲಿನ ಊಟ ಇಟ್ಟರು. ಫೋಟೋಕ್ಕೆ ಬೆಳ್ಯಪ್ಪನಿಗೆ ಕರೆ. ಕುಮುದಿನಿಗೆ ಗೌಡರ ಹೆಂಡತಿ ಕಡೆಯಿಂದ ದೂರದ ನೆಂಟಸ್ತಿಕೆ ಇದ್ದದ್ದರಿಂದ ಅವಳೂ ಬಂದಳು. ಚಾವಡಿಯ ನಡುಗೋಡೆಯಲ್ಲಿ ಆ ಫೋಟೋ, ಮರದ ಚೌಕಟ್ಟಿನಲ್ಲಿ, ಮೇಲೊಂದು ಮಾವಿನೆಲೆಯ ತೋರಣ. ಅದರ ಕೆಳಗೆ ಗೌಡರು ಕೂತು ನೆಂಟರಿಗೆ ಹೇಳುತ್ತಿದ್ದರು.

"ಬೀಳುದು ನನಗೆ ಗೊತ್ತಾಗಿದೆ. ಆದ್ರೆ ಅಲ್ಲಾಡ್ಲಿಲ್ಲ. ನಾನು ಓಡಿದ್ರೆ ಊರಿನವರೆಲ್ಲ ಹೆದರ್ತಾರಲ್ಲ? ಆಮೇಲೆ ನಾನೇ ಹೋಗಿ ಆ ಡೊಂಬಯ್ಯನನ್ನು ಎತ್ತಿ, ಇದೇ ಜೀಪಿನಲ್ಲಿ ಪುತ್ತೂರಿಗೆ ಹಾರಿಸಿಕೊಂಡು ಹೋದೆ. ಸೀಟೆಲ್ಲ ರಕ್ತ! ಹೋದ್ರೆ ಹೋಗ್ಲಿ, ಸೀಟು ಬರ್ತದೆ, ಜೀವ ಬರ್ತದಾ? ಬೇಕಾದ್ರೆ ಬೆಳ್ಯಪ್ಪನ ಹತ್ರ ಕೇಳಿ. ಅವ ಅಲ್ಲೇ ಇದ್ದವ."

ಎಲ್ಲರೂ ಬೆಳ್ಯಪ್ಪನ ಕಡೆ ತಿರುಗಿದರು. ಬಾಗಿಲಲ್ಲಿ ಸ್ಟ್ಯಾಂಡು ಬಿಡಿಸುತ್ತಿದ್ದ ಅವನು ನೆಟ್ಟಗೆ ನಿಂತ. ಗೌಡರ ಕಣ್ಣಿನಲ್ಲಿ ಒಂದಿಷ್ಟೂ ಅಳುಕು ಇರಲಿಲ್ಲ. ಹೇಳಿ ಹೇಳಿ ಅವರಿಗೇ ಅದು ನಿಜವಾಗಿ ಹೋಗಿದೆಯೆಂದು ಬೆಳ್ಯಪ್ಪನಿಗೆ ತೋರಿತು.

"ನಾನು ಅಲ್ಲಿದ್ದದ್ದು ಹೌದು" ಎಂದ. "ಡೊಂಬಯ್ಯ ಈ ಜೀಪು ಹತ್ತಲಿಲ್ಲ. ಹತ್ತಿಸಿಕೊಳ್ಳಿ ಎಂದು ಕೈ ಮುಗಿದೆ. ಸೀಟು ಹಾಳಾಗ್ತದೆ ಎಂದು ಇವರು ಬಿಟ್ಟು ಹೋದ್ರು. ಚಿಮಿಣಿ ಬಿದ್ದದ್ದು ಇವರಿಗೆ ಗೊತ್ತಾದದ್ದೇ ಸದ್ದು ಬಂದ ಮೇಲೆ. ಗೊತ್ತಾದ ಕೂಡ್ಲೇ ಜೀಪಿನ ಅಡಿಗೆ ಹೋದ್ರು. ಅವನನ್ನು ಬಸ್ಸಿನಲ್ಲಿ ಕೊಂಡೋದದ್ದು ನಾನು ಮತ್ತೆ ಒಣಮೀನಿನ ಪಾತು."

ಈಗ ಯಾರಾದರೂ ಛೀ ಎನ್ನುತ್ತಾರೆ, ಯಾರಾದರೂ ಎದ್ದು ಹೋಗುತ್ತಾರೆ ಎಂದು ಅವನು ಕಾದ. ಹಿರಿಯರಾದ ದೇರಣ್ಣ ಗೌಡರು ಗಂಟಲು ಸರಿಮಾಡಿಕೊಂಡರು.

"ಅದೆಲ್ಲ ಈಗ ಎಂತಕ್ಕೆ? ಶುಭಕಾರ್ಯದ ಮನೆ. ಹೊತ್ತಾಯ್ತು, ಎಲೆ ಹಾಕಿ."

ಯಾರೋ ನಕ್ಕರು. ಬೋಜಪ್ಪ ಗೌಡರೂ ನಕ್ಕರು. "ಬೆಳ್ಯಪ್ಪನಿಗೆ ಮೊದ್ಲಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ಬಾ ಮಾರಾಯ, ಉಣ್ಣು. ನಿನಗೆ ಬೇರೆಯೇ ಗ್ಲಾಸು ತೊಳೆದು ಇಡ್ಲಿಕ್ಕೆ ಹೇಳ್ತೇನೆ." ಜನ ಕೈ ತೊಳೆಯಲು ಎದ್ದರು. ಸ್ವಲ್ಪ ಹೊತ್ತಿನಲ್ಲಿ ಸಾಲು ಎಲೆಗಳ ಮುಂದೆ ಕೂತು, ಗೌಡರ ಗೇರುಬೀಜದ ಪಾಯಸವನ್ನು ಹೊಗಳುತ್ತ ಉಂಡರು. ಬೆಳ್ಯಪ್ಪ ಪೆಟ್ಟಿಗೆ ಮುಚ್ಚಿ ಹೊರಟ. ಹಿಂದಿನಿಂದ ಯಾರೂ ಕರೆಯಲಿಲ್ಲ.

ಕುಮುದಿನಿ ಸಂಜೆ ಮನೆಗೆ ಬಂದಳು. ಊಟ ಮಾಡಿಯೇ ಬಂದಿದ್ದಳು. ಕೈಯಲ್ಲಿ ಒಂದು ಪಾತ್ರೆ ಪಾಯಸವೂ ಇತ್ತು.

"ಅವ್ರು ಸುಳ್ಳು ಹೇಳಿದ್ರೆ ನಿಮಗೆಂತ ಹೋಗುದು? ಇನ್ನು ಅವ್ರ ಕುಟುಂಬದ ಒಂದು ಮದುವೆಗೂ ನಿಮ್ಮನ್ನು ಕರೆಯುದಿಲ್ಲ."

"ಕರೆಯದಿದ್ರೆ ಬೇಡ. ಜನಕ್ಕೆ ನಿಜ ಗೊತ್ತಾಗ್ಲಿ ಎಂದು ಹೇಳಿದ್ದು."

ಕುಮುದಿನಿ ಪಾತ್ರೆಯನ್ನು ಕೆಳಗೆ ಇಟ್ಟಳು. ಅವಳ ಸಿಟ್ಟು ಆಗ ಇಳಿದಿತ್ತು. "ಗೊತ್ತಾಗ್ಲಿಕ್ಕೆ ಎಂತ ಉಂಟು? ಅಡುಗೆಮನೆಯಲ್ಲಿ ಹೆಂಗಸರಿಗೆಲ್ಲ ಮೊದ್ಲೇ ಗೊತ್ತುಂಟು. ಗೌಡ್ತಿಗೂ ಗೊತ್ತುಂಟು. ಅಲ್ಲಿ ಕೂತವರಲ್ಲಿ ಅರ್ಧ ಜನ ಆ ದಿನ ಇಟ್ಟಿಗೆ ತಂದವರೇ. ಸುಳ್ಳೆಂದು ಗೊತ್ತಿದ್ದೇ ಅವ್ರು ಕೇಳಿ ಕೂರುದು."

ಬೆಳ್ಯಪ್ಪನಿಗೆ ಚಾವಡಿಯಲ್ಲಿ ಆದದ್ದಕ್ಕಿಂತ ಹೆಚ್ಚಿನ ಹೇಸಿಗೆ ಆಗ ಆಯಿತು. ಗೊತ್ತಿಲ್ಲದೆ ನಂಬಿದವರಿದ್ದರೆ ತಿದ್ದಬಹುದಿತ್ತು. ಗೊತ್ತಿದ್ದೂ ತಲೆಯಾಡಿಸಿ, ಊಟ ಮಾಡಿ, ಬಾಯಿ ಒರೆಸಿಕೊಂಡು ಬಂದವರನ್ನು ಏನು ಮಾಡುವುದು? ಅವನು ಬಚ್ಚಲಿಗೆ ಹೋಗಿ ಮುಖ ತೊಳೆದ. ಮತ್ತೆ ಮತ್ತೆ ತೊಳೆದ. ಪಾಯಸವನ್ನು ಕುಮುದಿನಿಯೇ ಮರುದಿನ ದನಕ್ಕೆ ಹಾಕಿದಳು.

ಅವಳು ಹೇಳಿದ ಹಾಗೆಯೇ ಆಯಿತು. ದೊಡ್ಡ ಮನೆಗಳ ಮದುವೆಗಳು ನಿಂತವು. ಬೆಳ್ಯಪ್ಪ ಕಡಬದ ಕಡೆ, ಪಂಜದ ಕಡೆ ಬಸ್ಸು ಹತ್ತಿ, ನಡೆದು, ಪರಿಚಯ ಇಲ್ಲದ ಊರುಗಳಲ್ಲಿ ಕೆಲಸ ಹುಡುಕಿದ. ಗೌಡರ ಚಿತ್ರದ ಇನ್ನೊಂದು ಪ್ರತಿ ಬೇಕೆಂದು ಯಾರು ಕೇಳಿದರೂ, "ಪ್ಲೇಟು ಒಡೆದು ಹೋಗಿದೆ" ಎಂದುಬಿಡುತ್ತಿದ್ದ. ಒಡೆದಿರಲಿಲ್ಲ. ಒಡೆಯಲು ಮನಸ್ಸು ಬಂದಿರಲಿಲ್ಲ.

ಅರುವತ್ತಾರರಲ್ಲಿ, ಸುಳ್ಯವನ್ನು ಬೇರೆ ತಾಲೂಕು ಮಾಡುತ್ತಾರೆಂದು ಪೇಟೆಯಲ್ಲೆಲ್ಲ ಮಾತು ನಡೆಯುತ್ತಿದ್ದ ಕಾಲದಲ್ಲಿ, ಒಂದು ಮಧ್ಯಾಹ್ನ ಡೊಂಬಯ್ಯ ಊರುಗೋಲು ಹಿಡಿದು ಸ್ಟುಡಿಯೋದ ಮೆಟ್ಟಿಲು ಹತ್ತಿದ. ಜೊತೆಗೆ ಅವನ ಹೆಂಡತಿ ದುಗ್ಗಮ್ಮ. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದು ಹೋಗಿದ್ದರು, ತಾವು ಗಂಡ ಹೆಂಡತಿ ಒಟ್ಟಿಗೆ ಕೂತ ಒಂದು ಫೋಟೋ ಮನೆಯಲ್ಲಿ ಇರಲಿ ಎಂದು ದುಗ್ಗಮ್ಮನ ಹಟ. ಬೆಳ್ಯಪ್ಪ ಇಬ್ಬರನ್ನೂ ಗಾಜಿನ ಹಂಚಿನ ಅಡಿಗೆ ಕೂರಿಸಿ ಚೆಂದದ ಒಂದು ಫೋಟೋ ತೆಗೆದ. ಕಾಲು ಮುಚ್ಚಲೇ ಎಂದು ಕೇಳಿದ್ದಕ್ಕೆ ಡೊಂಬಯ್ಯ, "ಮುಚ್ಚಿದ್ರೆ ಬೆಳೀತದಾ?" ಎಂದು ನಕ್ಕ. ಹೊರಡುವಾಗ ಬಾಗಿಲಲ್ಲಿ ನಿಂತ.

"ಬೆಳ್ಯಪ್ಪಣ್ಣ, ಆ ಚಿಮಿಣಿ ಬೀಳುವ ಫೋಟೋ ಉಂಟಂತಲ್ಲ? ಎಲ್ಲರೂ ನೋಡಿದ್ದಾರೆ. ನಾನೊಬ್ಬ ನೋಡ್ಲಿಲ್ಲ."

ಬೆಳ್ಯಪ್ಪ ಹಿಂದುಮುಂದು ನೋಡಿದ. ತೋರಿಸಿದರೆ ಇವನಿಗೆ ನೋವಾದೀತು, ಸಿಟ್ಟು ಬಂದೀತು. ಕೊನೆಗೆ ಒಳಗೆ ಹೋಗಿ ಒಂದು ಹಳೆಯ ಪ್ರತಿ ತಂದು ಕೊಟ್ಟ. ಡೊಂಬಯ್ಯ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಅಬ್ಬ! ಎಷ್ಟು ಚೆಂದ ಬಿದ್ದಿದೆ ಮಾರಾಯ್ರೆ! ನಾನು ಹಿಡಿಸಿದ ಬೆಂಕಿಯ ಹೊಗೆಯೇ ಅಲ್ವಾ ಇಷ್ಟು ವರ್ಷ ಇದರಲ್ಲಿ ಹೋದದ್ದು. ದುಗ್ಗು, ಇಲ್ಲಿ ನೋಡು." ದುಗ್ಗಮ್ಮ ನೋಡಲು ಒಪ್ಪದೆ ಮುಖ ತಿರುಗಿಸಿದಳು. ಡೊಂಬಯ್ಯ ಬೆರಳಿನಿಂದ ಗೌಡರನ್ನು ಮುಚ್ಚಿ ನೋಡಿದ, ತೆಗೆದು ನೋಡಿದ. "ನನಗೊಂದು ಬೇಕಿತ್ತು. ಆದ್ರೆ ಈ ಗೌಡ್ರು ಇದರಲ್ಲಿ ಯಾಕೆ ಬಂದ್ರು? ಇವ್ರನ್ನು ತೆಗೀಲಿಕ್ಕೆ ಆಗ್ತದಾ?"

"ಆಗ್ತದೆ" ಎಂದ ಬೆಳ್ಯಪ್ಪ. ಆ ಫೋಟೋ ತೆಗೆದಾಗಿನಿಂದ ಅವನು ಮನಸಾರೆ ನಕ್ಕದ್ದು ಅದೇ ಮೊದಲು. ಆ ದಿನವೇ ಕೂತು, ಗೌಡರನ್ನೂ ಜೀಪನ್ನೂ ಹೊರಗೆ ಬಿಟ್ಟು, ಆಕಾಶ ಮತ್ತು ಮುರಿದು ಬಾಗುವ ಚಿಮಿಣಿ ಮಾತ್ರ ಇರುವ ಹಾಗೆ ಹೊಸದಾಗಿ ಪ್ರತಿ ಮಾಡಿದ. ತಾನೇ ಕಟ್ಟು ಹಾಕಿಸಿ ಡೊಂಬಯ್ಯನ ಮನೆಗೆ ಕೊಂಡು ಹೋಗಿ, ತಾನೇ ಮೊಳೆ ಹೊಡೆದು ತೂಗಹಾಕಿದ. ದುಗ್ಗಮ್ಮ ಬೆಲ್ಲ ನೀರು ಕೊಟ್ಟಳು. ಫೋಟೋದ ಕಡೆ ಆಗಲೂ ನೋಡಲಿಲ್ಲ.

ಇದರಿಂದ ಬೆಳ್ಯಪ್ಪನ ಹೇಸಿಗೆ ಹೋಯಿತೇ ಎಂದರೆ ಹೋಗಲಿಲ್ಲ. ಎಣ್ಣೆ ತಲೆಗೂ ಎಂಜಲಿಗೂ ಅವನು ಮೊದಲಿನಷ್ಟು ಅಂಜುತ್ತಿರಲಿಲ್ಲ. ಪಾತು ಸ್ಟುಡಿಯೋದ ಜಗಲಿಯಲ್ಲಿ ಬುಟ್ಟಿ ಇಳಿಸಿ ಸುಧಾರಿಸಿಕೊಂಡು ಹೋಗುತ್ತಿದ್ದಳು, ಇವನು ಏನೂ ಹೇಳುತ್ತಿರಲಿಲ್ಲ. ಆದರೆ ಗರಿಗರಿ ಪಂಚೆಯುಟ್ಟು, ಗಂಧ ಹಚ್ಚಿ, ನಗುನಗುತ್ತ ಮಾತಾಡುವವರು ಎದುರು ಬಂದರೆ ಅವನ ಮುಖ ಸಿಂಡರಿಸುತ್ತಿತ್ತು.

ಅರುವತ್ತೊಂಬತ್ತರಲ್ಲಿ ಒಮ್ಮೆ ಪುತ್ತೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ. ಪಕ್ಕದಲ್ಲಿ ಗುರುತಿಲ್ಲದ ಒಬ್ಬ ಗೃಹಸ್ಥರು. ಜಾಲ್ಸೂರು ಹತ್ತಿರ ಬಂದಾಗ ಅವರು ಕಿಟಕಿಯಿಂದ ಕೈ ತೋರಿಸಿದರು.

"ಇಲ್ಲಿ ಒಂದು ದೊಡ್ಡ ಚಿಮಿಣಿ ಇತ್ತು, ಗೊತ್ತುಂಟಾ ನಿಮಗೆ? ಬಿದ್ದಾಗ ಒಬ್ಬ ಆಳು ಅಡಿಗೆ ಸಿಕ್ಕಿದ. ಬೋಜಪ್ಪ ಗೌಡ್ರು ಎಂದು ಒಬ್ಬರಿದ್ದಾರೆ, ದೇವರಂಥವರು. ಬೀಳುವ ಚಿಮಿಣಿಯ ಅಡಿಗೆ ನುಗ್ಗಿ ಅವನನ್ನು ಎಳೆದು ಜೀಪಿಗೆ ಹಾಕಿದ್ರು."

"ಹೌದಾ?" ಎಂದ ಬೆಳ್ಯಪ್ಪ.

"ಹೌದು ಮಾರಾಯ್ರೆ. ಫೋಟೋ ತೆಗೀಲಿಕ್ಕೆ ಒಬ್ಬ ಬಂದಿದ್ದನಂತೆ. ಅವ ಹೆದರಿ ತನ್ನ ಕಪ್ಪು ಬಟ್ಟೆಯ ಒಳಗೆ ತಲೆ ಹಾಕಿದವ ತೆಗೀಲೇ ಇಲ್ಲವಂತೆ!" ಗೃಹಸ್ಥರು ತೊಡೆ ತಟ್ಟಿಕೊಂಡು ನಕ್ಕರು.

"ನೀವು ನೋಡಿದ್ದಾ?"

"ಮತ್ತೆ? ಕಣ್ಣಾರೆ ನೋಡಿದ್ದು. ನಾನು ಅಲ್ಲೇ 'ಹೋ' ಎಂದು ಕೂಗ್ತಾ ಇದ್ದೆ."

ಬೆಳ್ಯಪ್ಪ ಆ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ತುಂಬಿದ ಕೆನ್ನೆ, ನೀಟಾಗಿ ಕತ್ತರಿಸಿದ ಮೀಸೆ, ಒಳ್ಳೆಯ ಮುಖ. ಆಮೇಲೆ ಎದ್ದು ಹಗ್ಗ ಎಳೆದು ಗಂಟೆ ಬಾರಿಸಿದ. ಅಡ್ಕಾರಿನಲ್ಲಿ ಬಸ್ಸು ನಿಂತಿತು.

"ಸುಳ್ಯಕ್ಕೆ ಟಿಕೇಟು ತಗೊಂಡಿದ್ದೀರಿ ಅಲ್ವಾ ಬೆಳ್ಯಪ್ಪಣ್ಣ?" ಎಂದು ಕಂಡಕ್ಟರು ಕೇಳಿದ. ಆ ಹೆಸರು ಕೇಳಿಯೂ ಗೃಹಸ್ಥರ ಮುಖದಲ್ಲಿ ಏನೂ ಬದಲಾಗಲಿಲ್ಲ.

"ತಗೊಂಡಿದ್ದೇನೆ. ನಡೀತೇನೆ" ಎಂದು ಬೆಳ್ಯಪ್ಪ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಇಳಿದ. ಬಸ್ಸು ಅವನ ಮೇಲೆ ಒಂದು ಬೊಗಸೆ ಕೆಂಪು ಧೂಳು ಎರಚಿ ಹೋಯಿತು. ಕೊಡವಿಕೊಳ್ಳದೆಯೇ ಅವನು ಮನೆಯ ಕಡೆ ನಡೆದ.